ಪ್ರಾಜೆಕ್ಟಿನ ಇಶ್ಯೂಗಳನ್ನು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ದಾಖಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಬ್ಬರಿಂದ ಆರೇಳು ಮಂದಿಯವರೆಗಿನ ತಂಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಕೋಡ್ ಗಿಟ್‌ನಲ್ಲಿದೆ (ಕೋಡಿನ ಬದಲಾವಣೆಗಳ ಇತಿಹಾಸವನ್ನು ಇಡುವ ತಂತ್ರಾಂಶ), ತಂಡದ ಎಲ್ಲರಿಗೂ ಕಮಿಟ್ ಮಾಡುವ, ಅಂದರೆ ಬದಲಾವಣೆಯನ್ನು ಅದರಲ್ಲಿ ದಾಖಲಿಸುವ, ಅಧಿಕಾರವಿದೆ ಎಂದು ಭಾವಿಸಲಾಗಿದೆ.

ಟೆಕ್ಸ್ಟ್ ಫೈಲ್‌ನಲ್ಲಿ ಇಶ್ಯೂ ದಾಖಲಿಸುವುದೆಂದರೆ ನಿಜವಾಗಿ ಏನು ಮಾಡುವುದು?

ಕೋಡ್ ಇರುವ ರೆಪೊಸಿಟರಿಯಲ್ಲೇ, ಎಲ್ಲರ ಕಣ್ಣಿಗೆ ಬೀಳುವ ಮೇಲಿನ ಫೋಲ್ಡರಿನಲ್ಲಿ ಒಂದು ಟೆಕ್ಸ್ಟ್ ಫೈಲ್ ಇಟ್ಟು, ಕಂಡುಬಂದ ಬಗ್‌ಗಳನ್ನೂ ಆಗಬೇಕಾದ ಬದಲಾವಣೆಗಳನ್ನೂ ಇನ್ನೂ ತೀರ್ಮಾನವಾಗದ ವಿಷಯಗಳನ್ನೂ ಒಂದೊಂದು ನಮೂದಾಗಿ ಅದರಲ್ಲಿ ಬರೆಯುವುದು. ಇದಕ್ಕೆ ಪ್ರತ್ಯೇಕ ಸರ್ವರ್, ಲಾಗಿನ್, ಡೇಟಾಬೇಸ್ ಯಾವುದೂ ಬೇಕಿಲ್ಲ. ಆದರೆ ಒಂದು ನಿಯಮವನ್ನು ಮಾತ್ರ ಬಿಡುವಂತಿಲ್ಲ: ಬಗ್ ಸರಿಪಡಿಸುವ ಕೋಡ್ ಬದಲಾವಣೆಯೂ ಆ ಬಗ್ಗಿನ ನಮೂದನ್ನು ಮುಗಿದಿದೆ ಎಂದು ತಿದ್ದುವ ಸಾಲೂ ಒಂದೇ ಕಮಿಟ್‌ನಲ್ಲಿ ಹೋಗಬೇಕು. ಈ ನಿಯಮವನ್ನು ಪಾಲಿಸದಿದ್ದರೆ ಆ ಫೈಲ್ ಎರಡು ತಿಂಗಳೊಳಗೆ ಯಾರೂ ನಂಬದ ಹಳೆಯ ಪಟ್ಟಿಯಾಗುತ್ತದೆ, ಹಾಗಾದ ಮೇಲೆ ಅದು ಇಲ್ಲದಿರುವುದೇ ವಾಸಿ.

ಸಿದ್ಧ ಟ್ರ್ಯಾಕರ್‌ಗಳು ಇಷ್ಟೊಂದು ಇರುವಾಗ ಇದೇಕೆ?

ಇಶ್ಯೂಗಳನ್ನು ದಾಖಲಿಸಲೆಂದೇ ಇರುವ ಇಂಥ ತಂತ್ರಾಂಶಗಳಲ್ಲಿ ಬಗ್‌ಜಿಲ್ಲಾ 1998ರಿಂದ ಇದೆ, ಜಿರಾ 2002ರಿಂದ ಇದೆ, ಕೋಡ್ ಹೋಸ್ಟಿಂಗ್ ತಾಣಗಳೆಲ್ಲ ತಮ್ಮದೇ ಇಶ್ಯೂ ಪುಟವನ್ನು ಕೊಡುತ್ತವೆ. ದೊಡ್ಡ ತಂಡಕ್ಕೆ, ನೂರಾರು ಬಳಕೆದಾರರು ನೇರವಾಗಿ ದೂರು ಸಲ್ಲಿಸುವ ಪ್ರಾಜೆಕ್ಟಿಗೆ ಅವು ಬೇಕೇ ಬೇಕು. ಆದರೆ ಟ್ರ್ಯಾಕರಿಗೂ ಕೋಡಿಗೂ ನಡುವೆ ಒಂದು ಅಂತರ ಇದ್ದೇ ಇರುತ್ತದೆ. ಟ್ರ್ಯಾಕರ್ ಹೇಳುವುದು ಈ ಹೊತ್ತಿನ ಸ್ಥಿತಿಯನ್ನು. ಕೋಡಿಗೆ ಮಾತ್ರ ಹಲವು ಆವೃತ್ತಿಗಳು, ಹಲವು ಬ್ರ್ಯಾಂಚ್‌ಗಳು (ಒಂದೇ ಕೋಡಿನ ಸಮಾನಾಂತರ ಕವಲುಗಳು). ಗ್ರಾಹಕರ ಕಂಪ್ಯೂಟರಿನಲ್ಲಿ ಓಡುತ್ತಿರುವುದು ಆರು ತಿಂಗಳ ಹಿಂದಿನ ಆವೃತ್ತಿಯಾದರೆ, ಅದರಲ್ಲಿ ಯಾವ ಬಗ್‌ಗಳು ಉಳಿದಿದ್ದವು ಎಂದು ತಿಳಿಯಲು ಟ್ರ್ಯಾಕರಿನಲ್ಲಿ ದಿನಾಂಕಗಳನ್ನು ಹೋಲಿಸುತ್ತ ಕೂರಬೇಕಾಗುತ್ತದೆ, ಇಲ್ಲವೇ ಪ್ರತಿ ಇಶ್ಯೂವಿಗೂ ಆವೃತ್ತಿಯ ವಿವರವನ್ನು ಯಾರಾದರೂ ತಪ್ಪದೆ ತುಂಬಿರಬೇಕಾಗುತ್ತದೆ. ಇಶ್ಯೂ ಫೈಲ್ ಕೋಡಿನ ಜೊತೆಗೇ ಇದ್ದರೆ ಆ ಹಳೆಯ ಆವೃತ್ತಿಗೆ ಕೊಟ್ಟ ಗುರುತನ್ನು (ಟ್ಯಾಗ್) ಹಿಡಿದು ಅದನ್ನು ತೆರೆದ (ಚೆಕ್‌ಔಟ್ ಮಾಡಿದ) ಕೂಡಲೇ ಅಂದಿನ ಪಟ್ಟಿ ತಾನಾಗಿಯೇ ಮುಂದೆ ಬರುತ್ತದೆ.

ಇನ್ನೊಂದು ಕಾರಣವೂ ಇದೆ. ಕೋಡ್ ಹೋಸ್ಟಿಂಗ್ ತಾಣವಾಗಿದ್ದ ಗೂಗಲ್ ಕೋಡನ್ನು ಮುಚ್ಚುವುದಾಗಿ 2015ರ ಮಾರ್ಚ್‌ನಲ್ಲಿ ಪ್ರಕಟಣೆ ಹೊರಬಿತ್ತು, 2016ರ ಜನವರಿಯಲ್ಲಿ ಅದು ಮುಚ್ಚಿತು. ಕೋಡಿನ ಪೂರ್ಣ ಪ್ರತಿ ಕ್ಲೋನ್ ಮಾಡಿಕೊಂಡ ಪ್ರತಿಯೊಬ್ಬರಲ್ಲೂ ಇರುತ್ತದೆ. ಇಶ್ಯೂಗಳು ಹಾಗಲ್ಲ, ಅವನ್ನು ಬೇರೆಯಾಗಿ ಹೊರತೆಗೆದು ಮತ್ತೊಂದು ತಾಣಕ್ಕೆ ಸಾಗಿಸಬೇಕು. ಒಂದು ಬಗ್ ಏಕೆ ಬಂತು, ಅದನ್ನು ಸರಿಪಡಿಸಲು ಯಾವ ದಾರಿ ಹಿಡಿದೆವು, ಯಾವ ದಾರಿಯನ್ನು ಏಕೆ ಬಿಟ್ಟೆವು ಎಂಬುದು ಕೋಡಿನಷ್ಟೇ ಬೆಲೆಯುಳ್ಳ ಮಾಹಿತಿ. ಅದನ್ನು ನಮ್ಮ ಕೈಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಹೀಗೆ ಮಾಡಿದವರು ಮೊದಲೂ ಇದ್ದಾರೆಯೇ?

ಧಾರಾಳವಾಗಿ ಇದ್ದಾರೆ. ಡೊನಾಲ್ಡ್ ಕ್ನೂತ್ ಅವರು 1978ರಲ್ಲಿ ಟೆಕ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶವನ್ನು ಬರೆಯುತ್ತಿದ್ದಾಗಿನಿಂದ, ಅದರಲ್ಲಿ ಮಾಡಿದ ತಿದ್ದುಪಡಿಗಳನ್ನು ಕ್ರಮವಾಗಿ ಬರೆದಿಡುತ್ತ ಬಂದರು. ಪ್ರತಿ ತಿದ್ದುಪಡಿಗೂ ಒಂದು ಇಂಗ್ಲಿಷ್ ಅಕ್ಷರದ ಗುರುತು ಕೊಟ್ಟರು: ಕ್ರಮವಿಧಿಯೇ ತಪ್ಪಿದ್ದರೆ ಎ, ಯೋಚಿಸದೆ ಮಾಡಿದ ಪ್ರಮಾದವಾದರೆ ಬಿ, ಬರಿಯ ಬೆರಳಚ್ಚಿನ ದೋಷವಾದರೆ ಟಿ, ಹೀಗೆ. ಆ ದಾಖಲೆಯನ್ನು ವಿಶ್ಲೇಷಣೆಯೊಂದಿಗೆ 1989ರಲ್ಲಿ ಪ್ರಕಟಿಸಿದರು. ಅದನ್ನು ಓದಿದರೆ ತಂತ್ರಾಂಶವೊಂದು ಹೇಗೆ ಬೆಳೆಯಿತು ಎಂಬುದು ಸಾಲುಸಾಲಾಗಿ ಕಾಣಸಿಗುತ್ತದೆ. ದಾಖಲೆಯ ಗುಣ ಅದಕ್ಕೆ ಬಳಸಿದ ಸಾಧನದಿಂದ ಬರುವುದಿಲ್ಲ, ಬರೆದವರ ಶ್ರದ್ಧೆಯಿಂದ ಬರುತ್ತದೆ ಎಂಬ ಮಾತಿಗೆ ನನಗೆ ತಿಳಿದಂತೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಯೋಜನೆಯದು ಇನ್ನೊಂದು ಬಗೆ. ಅದರ ಬಗ್ ಸಂಖ್ಯೆ ಹತ್ತು ಲಕ್ಷ ದಾಟಿದೆ. ಅಷ್ಟನ್ನೂ ನಿಭಾಯಿಸುವ ವ್ಯವಸ್ಥೆ ಇಮೇಲ್ ಮೂಲಕ ನಡೆಯುತ್ತದೆ, ಪ್ರತಿ ಬಗ್ಗಿನ ಮಾಹಿತಿಯನ್ನೂ ಡಿಸ್ಕಿನ ಮೇಲೆ ಸಾದಾ ಫೈಲ್‌ಗಳಲ್ಲಿ ಇಡುತ್ತದೆ. ಅದು ಒಂದೇ ಫೈಲ್ ಅಲ್ಲ ನಿಜ, ಆದರೆ ಟೆಕ್ಸ್ಟ್ ಫೈಲ್ ಎಂದರೆ ದುರ್ಬಲ ವ್ಯವಸ್ಥೆ ಎಂದು ಭಾವಿಸಬೇಕಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಒಂದು ನಮೂದು ಹೇಗಿರಬೇಕು?

ಸಹಕಾರ ಸಂಘವೊಂದರ ಸದಸ್ಯರಿಗೆ ರಸೀದಿ ಕೊಡುವ ತಂತ್ರಾಂಶ ಎಂದುಕೊಳ್ಳಿ. ಅದರ ಫೈಲ್‌ನಲ್ಲಿ ಒಂದು ನಮೂದು ಹೀಗಿರಬಹುದು:

ಇಶ್ಯೂ: 241118-ಮ-1
ಸ್ಥಿತಿ: ತೆರೆದಿದೆ
ಭಾಗ: ರಸೀದಿ ಮುದ್ರಣ
ತೀವ್ರತೆ: ಹೆಚ್ಚು
ಸಾರಾಂಶ: ಪಿಡಿಎಫ್ ರಸೀದಿಯಲ್ಲಿ ಒತ್ತಕ್ಷರಗಳು ಒಡೆದು ಮುದ್ರಣವಾಗುತ್ತವೆ
ಮರುಕಳಿಸುವ ಬಗೆ: ಸದಸ್ಯರ ಹೆಸರು ಚನ್ನಮ್ಮ ಎಂದು ಕೊಟ್ಟು ರಸೀದಿಯನ್ನು ಪಿಡಿಎಫ್ ಆಗಿ ಉಳಿಸಿ.
ಆಗುತ್ತಿರುವುದು: ನ್ನ, ಮ್ಮ ಎರಡೂ ಒತ್ತು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಬೀಳುತ್ತವೆ.
ಆಗಬೇಕಾದ್ದು: ಪರದೆಯ ಮೇಲೆ ಕಾಣುವಂತೆಯೇ ಕಾಗದದ ಮೇಲೂ ಬರಬೇಕು.
ಟಿಪ್ಪಣಿ: ಪಿಡಿಎಫ್ ಲೈಬ್ರರಿ ಅಕ್ಷರಗಳನ್ನು ಒಂದಾದಮೇಲೊಂದು ಇಡುತ್ತದೆಯೇ ಹೊರತು ಕನ್ನಡದ ಜೋಡಣೆಯ ನಿಯಮಗಳನ್ನು ಅನ್ವಯಿಸುವುದಿಲ್ಲ. ಫಾಂಟ್ ಬದಲಿಸಿದರೆ ಪ್ರಯೋಜನವಿಲ್ಲ.

ಇದರಲ್ಲಿ ಕೊನೆಯ ಸಾಲನ್ನು ಗಮನಿಸಿ. ಫಾಂಟ್ ಬದಲಿಸಿ ನೋಡಿದ್ದಾಗಿದೆ, ಅದರಿಂದ ಫಲವಿಲ್ಲ ಎಂಬ ಒಂದು ಮಾತು ಮುಂದೆ ಈ ಕೆಲಸವನ್ನು ಕೈಗೆತ್ತಿಕೊಳ್ಳುವವರ ಅರ್ಧ ದಿನವನ್ನು ಉಳಿಸುತ್ತದೆ. ಮಾಡಿ ನೋಡಿ ಕೈಬಿಟ್ಟದ್ದನ್ನು ಬರೆಯುವ ಅಭ್ಯಾಸ ಬಹಳ ಕಡಿಮೆ ತಂಡಗಳಲ್ಲಿದೆ, ಅದು ಎಲ್ಲ ತಂಡಗಳಲ್ಲೂ ಇರಬೇಕು. ಪ್ರತಿ ವಿವರವನ್ನೂ ಅದರದೇ ಸಾಲಿನಲ್ಲಿ ಬರೆಯುವುದಕ್ಕೂ ಕಾರಣವಿದೆ: ಗಿಟ್ ಬದಲಾವಣೆಗಳನ್ನು ಸಾಲಿನ ಲೆಕ್ಕದಲ್ಲಿ ನೋಡುವುದರಿಂದ, ಸ್ಥಿತಿ ಬದಲಾದಾಗ ಡಿಫ್‌ನಲ್ಲಿ (ಬದಲಾದ ಸಾಲುಗಳ ಪಟ್ಟಿಯಲ್ಲಿ) ಆ ಒಂದು ಸಾಲು ಮಾತ್ರ ಕಾಣಿಸುತ್ತದೆ.

ವಿವರಗಳ ಸಂಖ್ಯೆಯನ್ನು ಹೆಚ್ಚಿಸಬೇಡಿ. ತುಂಬಲು ಹದಿನೈದು ಸಾಲುಗಳಿದ್ದರೆ ಯಾರೂ ಬರೆಯುವುದಿಲ್ಲ.

ಇಶ್ಯೂಗಳಿಗೆ ಸಂಖ್ಯೆ ಕೊಡುವುದು ಹೇಗೆ?

1, 2, 3 ಎಂದು ಕೊಡುತ್ತ ಹೋಗುವುದು ಒಬ್ಬರೇ ಕೆಲಸ ಮಾಡುವಾಗ ಸರಿ. ಇಬ್ಬರಾದ ಕೂಡಲೇ ತೊಡಕು ಬರುತ್ತದೆ: ಇಬ್ಬರೂ ತಮ್ಮ ತಮ್ಮ ಬ್ರ್ಯಾಂಚಿನಲ್ಲಿ 57 ಎಂಬ ಸಂಖ್ಯೆಯನ್ನೇ ಬಳಸಿರುತ್ತಾರೆ, ನಮೂದುಗಳು ಫೈಲ್‌ನ ಬೇರೆ ಬೇರೆ ಕಡೆ ಇದ್ದರೆ ಗಿಟ್ ಯಾವ ತಕರಾರೂ ಇಲ್ಲದೆ ಎರಡನ್ನೂ ಸೇರಿಸಿಬಿಡುತ್ತದೆ, ಬಹಳ ದಿನಗಳ ನಂತರ ಕಮಿಟ್ ಸಂದೇಶವೊಂದರಲ್ಲಿ 57 ಎಂದು ಕಂಡಾಗ ಅದು ಯಾವ 57 ಎಂದು ಹುಡುಕಬೇಕಾಗುತ್ತದೆ. ಇದಕ್ಕೆ ಮೇಲಿನ ಉದಾಹರಣೆಯ ಕ್ರಮವೇ ಸುಲಭದ ಪರಿಹಾರ: ದಿನಾಂಕ, ಬರೆದವರ ಗುರುತಿನ ಅಕ್ಷರ, ಆ ದಿನ ಅವರು ಬರೆದವುಗಳಲ್ಲಿ ಎಷ್ಟನೆಯದು ಎಂಬ ಅಂಕಿ. ಯಾರನ್ನೂ ಕೇಳದೆ, ಇಂಟರ್ನೆಟ್ ಇಲ್ಲದೆಯೂ ಹೊಸ ಸಂಖ್ಯೆ ಕೊಡಬಹುದು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಎಂದಿಗೂ ಬದಲಿಸಬಾರದು, ಮತ್ತೊಂದಕ್ಕೆ ಕೊಡಲೂಬಾರದು.

ಇಬ್ಬರು ಒಟ್ಟಿಗೆ ಫೈಲ್ ತಿದ್ದಿದರೆ ಮರ್ಜ್ ಮಾಡುವಾಗ ಕಾನ್‌ಫ್ಲಿಕ್ಟ್ ಬರುವುದಿಲ್ಲವೇ?

ಬರುತ್ತದೆ. ಎರಡು ಬ್ರ್ಯಾಂಚ್‌ಗಳನ್ನು ಸೇರಿಸುವಾಗ, ಅಂದರೆ ಮರ್ಜ್ ಮಾಡುವಾಗ, ಒಂದೇ ಜಾಗದ ಬದಲಾವಣೆಗಳು ಒಂದಕ್ಕೊಂದು ಅಡ್ಡಬರುವುದೇ ಕಾನ್‌ಫ್ಲಿಕ್ಟ್. ಈ ವಿಧಾನದ ಬಗ್ಗೆ ಕೇಳಿಬರುವ ಆಕ್ಷೇಪಗಳಲ್ಲಿ ನಿಜವಾದ ತೂಕವಿರುವುದು ಇದಕ್ಕೇ. ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಒಬ್ಬರು ಒಂದು ನಮೂದಿನ ಸ್ಥಿತಿಯನ್ನು, ಮತ್ತೊಬ್ಬರು ದೂರದ ಇನ್ನೊಂದು ನಮೂದಿನ ಸ್ಥಿತಿಯನ್ನು ತಿದ್ದಿದರೆ ಏನೂ ತೊಂದರೆಯಿಲ್ಲ, ಗಿಟ್ ಎರಡನ್ನೂ ಸೇರಿಸುತ್ತದೆ. ಕಾನ್‌ಫ್ಲಿಕ್ಟ್ ಹುಟ್ಟುವುದು ಬಹುತೇಕ ಹೊಸ ನಮೂದುಗಳಿಂದ, ಏಕೆಂದರೆ ಎಲ್ಲರೂ ಹೊಸದನ್ನು ಫೈಲ್‌ನ ಕೊನೆಯಲ್ಲೇ ಬರೆಯುತ್ತಾರೆ. ಒಂದೇ ಜಾಗದಲ್ಲಿ ಎರಡು ಕಡೆಯಿಂದ ಸಾಲುಗಳು ಸೇರಿದಾಗ ಯಾವುದು ಮೊದಲು ಎಂದು ಗಿಟ್ ನಿರ್ಧರಿಸಲಾರದು. ಫೈಲನ್ನು ತಂತ್ರಾಂಶದ ಭಾಗಗಳಿಗೆ ತಕ್ಕಂತೆ ಶೀರ್ಷಿಕೆಗಳಾಗಿ ವಿಂಗಡಿಸಿ, ರಸೀದಿ ಮುದ್ರಣದ್ದು ಆ ಶೀರ್ಷಿಕೆಯ ಕೆಳಗೆ, ಲಾಗಿನ್‌ನದು ಅದರ ಕೆಳಗೆ ಎಂದು ಬರೆದರೆ ಇಂಥ ಘರ್ಷಣೆಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಹೊಸ ನಮೂದನ್ನು ಮಾತ್ರ ಸೇರಿಸುವ ಕಮಿಟ್ ಆದರೆ, ಅದನ್ನು ದಿನಗಟ್ಟಲೆ ಬ್ರ್ಯಾಂಚಿನಲ್ಲಿ ಇಟ್ಟುಕೊಳ್ಳದೆ ಕೂಡಲೇ ಮುಖ್ಯ ಬ್ರ್ಯಾಂಚಿಗೆ ಪುಶ್ ಮಾಡಿ.

ಯಾವ ಫೈಲನ್ನು ಹೇಗೆ ನಿಭಾಯಿಸಬೇಕೆಂದು ಗಿಟ್‌ಗೆ ತಿಳಿಸುವ ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಈ ಫೈಲ್‌ಗೆ ಯೂನಿಯನ್ ಮರ್ಜ್ ಎಂದು ಸೂಚಿಸಿದರೆ ಗಿಟ್ ಕಾನ್‌ಫ್ಲಿಕ್ಟ್ ತೋರಿಸದೆ ಎರಡೂ ಕಡೆಯ ಸಾಲುಗಳನ್ನು ಇಟ್ಟುಕೊಳ್ಳುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಪ್ರತಿ ಇಶ್ಯೂ ಒಂದೇ ಸಾಲಿನಲ್ಲಿರುವ ಪಟ್ಟಿಗೆ ಮಾತ್ರ ಅದು ಹೊಂದುತ್ತದೆ. ನಮೂದು ಹಲವು ಸಾಲುಗಳದ್ದಾದರೆ, ಒಬ್ಬರು ಸ್ಥಿತಿಯನ್ನು ಮುಗಿದಿದೆ ಎಂದೂ ಇನ್ನೊಬ್ಬರು ಕೆಲಸ ನಡೆದಿದೆ ಎಂದೂ ತಿದ್ದಿದ್ದಲ್ಲಿ ಎರಡು ಸಾಲುಗಳೂ ಉಳಿದುಬಿಡುತ್ತವೆ. ಇಬ್ಬರು ಒಂದೇ ಜಾಗದಲ್ಲಿ ಬರೆದ ಹೊಸ ನಮೂದುಗಳ ಸಾಲುಗಳು ಒಂದರೊಳಗೊಂದು ಕಲಸಿಹೋಗಲೂಬಹುದು. ಕಣ್ಣಿಗೆ ಕಾಣುವ ಕಾನ್‌ಫ್ಲಿಕ್ಟನ್ನು ಒಂದು ನಿಮಿಷದಲ್ಲಿ ಬಗೆಹರಿಸಬಹುದು. ಯಾರಿಗೂ ತಿಳಿಯದಂತೆ ಕೆಟ್ಟ ದಾಖಲೆಯನ್ನು ಸರಿಪಡಿಸುವುದು ಹಾಗಲ್ಲ. ಮೇಲಿನ ಮಾದರಿಯನ್ನು ಬಳಸುವವರು ಯೂನಿಯನ್ ಮರ್ಜ್‌ನ ಗೊಡವೆಗೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಬ್ರ್ಯಾಂಚಿನಲ್ಲಿ ಇಶ್ಯೂ ಮುಗಿದಿದೆ, ಇನ್ನೊಂದರಲ್ಲಿ ತೆರೆದಿದೆ ಎಂದು ಕಾಣುತ್ತದೆ. ಇದು ಗೊಂದಲವಲ್ಲವೇ?

ಅಲ್ಲ, ಅದೇ ವಾಸ್ತವ. ಬಿಡುಗಡೆಯ ಬ್ರ್ಯಾಂಚಿನಲ್ಲಿ ಆ ಬಗ್ ಇನ್ನೂ ಇದೆ, ಅಭಿವೃದ್ಧಿಯ ಬ್ರ್ಯಾಂಚಿನಲ್ಲಿ ಹೋಗಿದೆ; ಫೈಲ್ ಎರಡು ಕಡೆಯೂ ನಿಜವನ್ನೇ ಹೇಳುತ್ತಿದೆ. ತಿದ್ದುಪಡಿಯ ಕಮಿಟನ್ನು ಚೆರ್ರಿ ಪಿಕ್ ಮಾಡಿ (ಅದೊಂದನ್ನೇ ಆಯ್ದು) ಬಿಡುಗಡೆಯ ಬ್ರ್ಯಾಂಚಿಗೆ ತಂದಾಗ, ಆ ಕಮಿಟ್‌ನಲ್ಲೇ ಸ್ಥಿತಿಯ ಸಾಲೂ ಇರುವುದರಿಂದ ಅಲ್ಲಿಯ ನಮೂದೂ ಜೊತೆಯಲ್ಲೇ ಮುಗಿಯುತ್ತದೆ. ಒಂದೇ ಕಮಿಟ್ ಎಂಬ ನಿಯಮವನ್ನು ಮೊದಲ ಉತ್ತರದಲ್ಲಿ ಅಷ್ಟು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಆದರೆ ಇಡೀ ತಂಡದಲ್ಲಿ ಈಗ ಯಾರು ಯಾವ ಕೆಲಸ ಮಾಡುತ್ತಿದ್ದಾರೆ ಎಂಬ ಪ್ರಶ್ನೆಗೆ ಫೈಲ್ ಸರಿಯಾದ ಉತ್ತರ ಕೊಡುವುದಿಲ್ಲ, ಏಕೆಂದರೆ ಅವರವರ ಬ್ರ್ಯಾಂಚಿನ ಬದಲಾವಣೆ ಇನ್ನೂ ಮುಖ್ಯ ಬ್ರ್ಯಾಂಚಿಗೆ ಬಂದಿರುವುದಿಲ್ಲ. ಅದನ್ನು ಬೆಳಗಿನ ಮೀಟಿಂಗಿನಲ್ಲಿ ಬಾಯಿಮಾತಿನಲ್ಲೇ ಕೇಳಿ ತಿಳಿದುಕೊಳ್ಳಬೇಕು.

ಮುಗಿದ ನಮೂದುಗಳನ್ನು ಅಳಿಸಬಹುದೇ?

ಅಳಿಸಬಹುದು, ಗಿಟ್ ಇತಿಹಾಸದಲ್ಲಿ ಅವು ಉಳಿದೇ ಇರುತ್ತವೆ. ಆದರೂ ಕೂಡಲೇ ಅಳಿಸುವ ಬದಲು ಮುಂದಿನ ಬಿಡುಗಡೆಯವರೆಗೆ ಇಟ್ಟುಕೊಂಡು, ಬಿಡುಗಡೆಯ ಟಿಪ್ಪಣಿಯನ್ನು ಆ ಮುಗಿದ ನಮೂದುಗಳಿಂದಲೇ ಬರೆದು, ನಂತರ ಅವನ್ನು ಮುಗಿದವುಗಳಿಗೆಂದೇ ಇಟ್ಟ ಎರಡನೆಯ ಫೈಲ್‌ಗೆ ಸರಿಸುವುದು ಉತ್ತಮ.

ಹುಡುಕುವುದು ಹೇಗೆ?

ಪಠ್ಯದಲ್ಲಿ ಪದ ಹುಡುಕುವ ಗ್ರೆಪ್ ಎಂಬ ಆದೇಶ ಸಾಕು. ಸ್ಥಿತಿಯ ಸಾಲನ್ನು ಹುಡುಕಿ, ಅದರ ಹಿಂದುಮುಂದಿನ ಕೆಲವು ಸಾಲುಗಳನ್ನೂ ತೋರಿಸುವಂತೆ ಕೇಳಿದರೆ ತೆರೆದಿರುವ ಇಶ್ಯೂಗಳ ಪಟ್ಟಿ ಸಿಗುತ್ತದೆ. ಒಂದು ಸಂಖ್ಯೆ ಫೈಲ್‌ಗೆ ಯಾವಾಗ ಬಂತು, ಯಾವಾಗ ಹೋಯಿತು ಎಂದು ತಿಳಿಯಲು ಗಿಟ್ ಲಾಗ್‌ಗೆ ದೊಡ್ಡಕ್ಷರದ ಎಸ್ ಆಯ್ಕೆಯೊಂದಿಗೆ (-S) ಆ ಸಂಖ್ಯೆಯನ್ನು ಕೊಡಿ. ಒಂದು ಸಾಲನ್ನು ಯಾರು, ಯಾವ ಕಮಿಟ್‌ನಲ್ಲಿ ಬರೆದರು ಎಂಬುದು ಗಿಟ್ ಬ್ಲೇಮ್‌ನಿಂದ ತಿಳಿಯುತ್ತದೆ.

ನಮೂದುಗಳನ್ನು ಕನ್ನಡದಲ್ಲೇ ಬರೆಯಬಹುದೇ?

ಖಂಡಿತ ಬರೆಯಬಹುದು. ತಂತ್ರಾಂಶ ಬಳಸುವವರು ಕನ್ನಡದಲ್ಲಿ ಹೇಳಿದ ತೊಂದರೆಯನ್ನು ಅವರ ಮಾತಿನಲ್ಲೇ ಬರೆದಿಟ್ಟರೆ ಅದರ ಸೂಕ್ಷ್ಮ ಕಳೆದುಹೋಗುವುದಿಲ್ಲ. ಆದರೆ ಕೆಲವು ಎಚ್ಚರಿಕೆಗಳು ಬೇಕು.

ಫೈಲ್ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲೇ ಇರಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್ ಆಧಾರಿತ ಪಠ್ಯವನ್ನು ಅಂಟಿಸಿದರೆ ಆ ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತದೆ, ಹುಡುಕಲೂ ಬರುವುದಿಲ್ಲ, ಮೊದಲು ಪರಿವರ್ತಿಸಿಕೊಳ್ಳಿ. ಫೈಲ್‌ನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಲಿ, ಏಕೆಂದರೆ ಕನ್ನಡದ ಹೆಸರಿದ್ದರೆ ಗಿಟ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಅದನ್ನು 340, 262 ಎಂಬಂಥ ಅಂಕಿಗಳ ಸರಣಿಯಾಗಿ ತೋರಿಸುತ್ತದೆ.

ಇನ್ನು ಹುಡುಕಾಟದ ತೊಡಕು. ಯೂನಿಕೋಡ್‌ನಲ್ಲಿ ಕೊ ಎಂಬುದರ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಒಂದರ ಹಿಂದೆ ಒಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಗ್ರೆಪ್‌ಗೆ ಮಾತ್ರ ಅವು ಬೇರೆ ಬೇರೆ. ದೀರ್ಘ ಸ್ವರಗಳ ಈ, ಏ, ಓ ಚಿಹ್ನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹಾಗೆಯೇ ಅರ್ಧಾಕ್ಷರವನ್ನು ಮುಂದಿನ ಅಕ್ಷರದೊಂದಿಗೆ ಕೂಡದಂತೆ ತಡೆಯಲು ಬಳಸುವ ಶೂನ್ಯ ಅಗಲದ ಚಿಹ್ನೆ ಕಣ್ಣಿಗೆ ಕಾಣುವುದೇ ಇಲ್ಲ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಹುಡುಕಿದರೆ ಇರುವ ನಮೂದೇ ಇಲ್ಲವೆಂದು ಉತ್ತರ ಬರುತ್ತದೆ. ಫೈಲನ್ನು ಕಮಿಟ್ ಮಾಡುವ ಮುನ್ನ ಇಂಥ ಚಿಹ್ನೆಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರುವ ಸಣ್ಣ ಸ್ಕ್ರಿಪ್ಟೊಂದನ್ನು ಗಿಟ್ ಹುಕ್ ಆಗಿ (ತಾನಾಗಿಯೇ ಓಡುವಂತೆ) ಇಟ್ಟರೆ ಮೊದಲನೆಯ ತೊಡಕು ತೀರುತ್ತದೆ. ಎರಡನೆಯದಕ್ಕೆ, ಸ್ಥಿತಿ, ಭಾಗ, ತೀವ್ರತೆಗಳಲ್ಲಿ ಬಳಸುವ ಪದಗಳನ್ನು ಮೊದಲೇ ಗೊತ್ತುಮಾಡಿ, ಆ ಚಿಹ್ನೆ ಬೇಡದ ಪದಗಳನ್ನೇ ಆರಿಸಿಕೊಳ್ಳಿ. ತೆರೆದಿದೆ, ಮುಗಿದಿದೆ, ಬೇಡವಾಯಿತು ಎಂಬ ಪದಗಳಲ್ಲಿ ಅದರ ಅಗತ್ಯವಿಲ್ಲ. ದಿನಾಂಕಗಳಿಗೆ ಕನ್ನಡ ಅಂಕಿಗಳ ಬದಲು 0ಯಿಂದ 9ರವರೆಗಿನ ಅಂಕಿಗಳನ್ನೇ ಎಲ್ಲರೂ ಬಳಸಲಿ.

ಸ್ಕ್ರೀನ್‌ಶಾಟ್‌ಗಳನ್ನು ಎಲ್ಲಿಡಬೇಕು?

ಪಕ್ಕದಲ್ಲೇ ಒಂದು ಫೋಲ್ಡರ್ ಮಾಡಿ, ಚಿತ್ರದ ಹೆಸರಿನಲ್ಲಿ ಇಶ್ಯೂ ಸಂಖ್ಯೆಯನ್ನು ಸೇರಿಸಿ ಇಡಿ. ದೊಡ್ಡ ವಿಡಿಯೊಗಳನ್ನು ಗಿಟ್‌ಗೆ ಹಾಕಬೇಡಿ. ದೋಷದ ಸಂದೇಶವನ್ನು ಚಿತ್ರವಾಗಿ ಇಡುವ ಬದಲು ಅದರ ಪಠ್ಯವನ್ನೇ ನಮೂದಿನಲ್ಲಿ ಅಂಟಿಸಿದರೆ ಮುಂದೆ ಹುಡುಕಲು ಸಿಗುತ್ತದೆ.

ಯಾವ ಮಾಹಿತಿಯನ್ನು ಫೈಲ್‌ನಲ್ಲಿ ಬರೆಯಲೇಬಾರದು?

ಗ್ರಾಹಕರ ಹೆಸರು, ಫೋನ್ ಸಂಖ್ಯೆ, ಆಧಾರ್ ಸಂಖ್ಯೆ, ಪಾಸ್‌ವರ್ಡ್ ಇವು ಯಾವುವೂ ಬೇಡ. ಬಗ್ ಮರುಕಳಿಸುವ ಬಗೆಯನ್ನು ವಿವರಿಸುವಾಗ ನಿಜವಾದ ಸದಸ್ಯರೊಬ್ಬರ ವಿವರವನ್ನು ಹಾಗೆಯೇ ನಕಲಿಸಿ ಹಾಕುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಟ್ರ್ಯಾಕರಿನಲ್ಲಾದರೆ ಅದನ್ನು ಅಳಿಸಬಹುದು. ಗಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತದೆ. ಇತಿಹಾಸವನ್ನೇ ತಿದ್ದಿ ಬರೆಯಬೇಕಾದರೆ ತಂಡದ ಪ್ರತಿಯೊಬ್ಬರೂ ಹೊಸದಾಗಿ ಕ್ಲೋನ್ ಮಾಡಿಕೊಳ್ಳಬೇಕು, ಅಷ್ಟರಲ್ಲಿ ಹೊರಗೆ ಹೋದ ಪ್ರತಿಗಳ ಮೇಲೆ ಯಾರ ಹಿಡಿತವೂ ಇರುವುದಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ನಮ್ಮ ದೇಶದಲ್ಲಿ ಕಾಯ್ದೆಯೂ ಬಂದಿದೆ. ಕಾಯ್ದೆ ಇರಲಿ ಬಿಡಲಿ, ಸಂಘವನ್ನು ನಂಬಿ ವಿವರ ಕೊಟ್ಟ ಸದಸ್ಯರ ಗೌಪ್ಯವನ್ನು ಕಾಯುವುದು ತಂತ್ರಾಂಶ ಬರೆಯುವವರ ಹೊಣೆ.

ರೆಪೊಸಿಟರಿ ಸಾರ್ವಜನಿಕವಾಗಿದ್ದರೆ, ಇನ್ನೂ ಸರಿಪಡಿಸದ ಸುರಕ್ಷತಾ ದೋಷವನ್ನು ಫೈಲ್‌ನಲ್ಲಿ ಬರೆಯುವುದೆಂದರೆ ದಾಳಿ ಮಾಡುವವರಿಗೆ ದಾರಿ ತೋರಿಸಿದಂತೆ. ಅದನ್ನು ಖಾಸಗಿಯಾಗಿ ಇಟ್ಟುಕೊಂಡು, ಸರಿಪಡಿಸಿದ ಆವೃತ್ತಿ ಬಳಕೆದಾರರ ಕೈ ಸೇರಿದ ನಂತರ ದಾಖಲಿಸಿ.

ಗಿಟ್ ಗೊತ್ತಿಲ್ಲದವರು ಬಗ್ ತಿಳಿಸುವುದು ಹೇಗೆ?

ಅವರು ಫೋನಿನಲ್ಲೋ ಇಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಹೇಳುತ್ತಾರೆ, ತಂಡದ ಒಬ್ಬರು ಅದನ್ನು ನಮೂದಾಗಿ ಬರೆಯುತ್ತಾರೆ. ಇದು ಹೆಚ್ಚುವರಿ ಕೆಲಸವೆಂದು ತೋರಬಹುದು, ಆದರೆ ಬರೆಯುವವರು ಎರಡು ಪ್ರಶ್ನೆ ಕೇಳಿ ವಿವರ ಪಡೆಯುವುದರಿಂದ ನಮೂದಿನ ಗುಣ ಹೆಚ್ಚುತ್ತದೆ. ವಾರಕ್ಕೊಬ್ಬರಂತೆ ಈ ಹೊಣೆಯನ್ನು ಹಂಚಿಕೊಳ್ಳುವುದು ನ್ಯಾಯ.

ಇದಕ್ಕೆಂದೇ ಸಿದ್ಧವಾದ ರೂಪಗಳು ಇಲ್ಲವೇ?

ಇವೆ. ಜೀನಾ ಟ್ರಪಾನಿ ಅವರು ರೂಪಿಸಿದ ಟುಡು.ಟಿಎಕ್ಸ್‌ಟಿ ಮಾದರಿಯಲ್ಲಿ ಒಂದು ಕೆಲಸಕ್ಕೆ ಒಂದೇ ಸಾಲು. ಮುಗಿದರೆ ಸಾಲಿನ ಮೊದಲಿಗೆ ಎಕ್ಸ್ ಅಕ್ಷರ. ಚಿಕ್ಕ ಪಟ್ಟಿಗಳಿಗೆ ಅದು ಬಹಳ ಚೆನ್ನ, ಬಗ್ಗಿನ ವಿವರಣೆಗೆ ಮಾತ್ರ ಜಾಗ ಸಾಲದು. ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕವನ್ನು ಬಳಸುವವರಿಗೆ ಕಾರ್ಸ್ಟನ್ ಡೊಮಿನಿಕ್ ಅವರು 2003ರಲ್ಲಿ ಆರಂಭಿಸಿದ ಆರ್ಗ್ ಮೋಡ್ ಇದೆ. ತಂಡದವರೆಲ್ಲರೂ ಇಮ್ಯಾಕ್ಸ್ ಬಳಸುತ್ತಿದ್ದರೆ ಬೇರೇನನ್ನೂ ಹುಡುಕಬೇಕಿಲ್ಲ. ಗಿಟ್-ಬಗ್ ಎಂಬ ಸಾಧನ ಇಶ್ಯೂಗಳನ್ನು ರೆಪೊಸಿಟರಿಯೊಳಗೇ ಇಡುತ್ತದೆ, ಆದರೆ ತೆರೆದು ಓದಬಹುದಾದ ಫೈಲ್ ಆಗಿ ಅಲ್ಲ, ಗಿಟ್‌ನ ಒಳಗಿನ ಆಬ್ಜೆಕ್ಟ್‌ಗಳಾಗಿ. ಎಸ್‌ಕ್ಯೂಲೈಟ್ ಡೇಟಾಬೇಸ್ ಬರೆದ ರಿಚರ್ಡ್ ಹಿಪ್ ಅವರ ಫಾಸಿಲ್‌ನಲ್ಲಿ ಕೋಡ್, ಟಿಕೆಟ್ (ಅಂದರೆ ಇಶ್ಯೂ), ವಿಕಿ ಎಲ್ಲವೂ ಒಂದೇ ರೆಪೊಸಿಟರಿಯಲ್ಲಿರುತ್ತವೆ. ಅದು ಗಿಟ್‌ನ ಬದಲಿಗೆ ಬಳಸುವ ವ್ಯವಸ್ಥೆ. ಅಲ್ಲಿ ಟಿಕೆಟ್‌ಗೆ ಬ್ರ್ಯಾಂಚಿನ ಸಂಬಂಧವಿಲ್ಲ.

ಈ ವಿಧಾನವನ್ನು ಯಾವಾಗ ಬಿಡಬೇಕು?

ತಂಡದ ಹೊರಗಿನವರು ನೇರವಾಗಿ ದೂರು ದಾಖಲಿಸಿ ಅದರ ಪ್ರಗತಿಯನ್ನು ನೋಡಬೇಕಾದಾಗ. ಒಂದು ಇಶ್ಯೂ ಕುರಿತು ಹಲವರ ನಡುವೆ ದೀರ್ಘ ಚರ್ಚೆ ನಡೆಯತೊಡಗಿದಾಗ, ಏಕೆಂದರೆ ಫೈಲ್ ಚರ್ಚೆಗೆ ತಕ್ಕ ಸ್ಥಳವಲ್ಲ, ಚರ್ಚೆಯ ತೀರ್ಮಾನಕ್ಕೆ ತಕ್ಕದ್ದು. ಮರ್ಜ್ ಮಾಡುವಾಗ ವಾರವಾರವೂ ಈ ಫೈಲ್‌ನದೇ ಕಾನ್‌ಫ್ಲಿಕ್ಟ್ ಆಗತೊಡಗಿದಾಗ. ಕೊನೆಯದು ಮಾತ್ರ ಬಾಧಿಸುತ್ತಿದ್ದರೆ, ಪ್ರತಿ ಇಶ್ಯೂವಿಗೂ ಒಂದೊಂದು ಫೈಲ್ ಮಾಡಿ ಒಂದು ಫೋಲ್ಡರಿನಲ್ಲಿಡುವ ನಡುದಾರಿಯನ್ನು ಮೊದಲು ನೋಡಿ.

ಟ್ರ್ಯಾಕರಿಗೆ ವರ್ಗಾಯಿಸುವುದಾದರೆ ಏನೇನು ನೋಡಿಕೊಳ್ಳಬೇಕು?

ನಮೂದುಗಳು ಒಂದೇ ಮಾದರಿಯಲ್ಲಿದ್ದರೆ ಅವನ್ನು ಓದಿ ಟ್ರ್ಯಾಕರಿಗೆ ಸೇರಿಸುವ ಸ್ಕ್ರಿಪ್ಟ್ ಬರೆಯುವುದು ಕಷ್ಟವಲ್ಲ. ತೆರೆದಿರುವ ನಮೂದುಗಳನ್ನು ಮಾತ್ರ ಸಾಗಿಸಿದರೆ ಸಾಕು. ಪ್ರತಿ ಹೊಸ ಟಿಕೆಟ್‌ನ ವಿವರಣೆಯ ಮೊದಲ ಸಾಲಿನಲ್ಲಿ ಹಳೆಯ ಸಂಖ್ಯೆಯನ್ನು ಬರೆಯಿರಿ, ಫೈಲ್‌ನ ನಮೂದಿನಲ್ಲಿ ಹೊಸ ಟಿಕೆಟ್ ಸಂಖ್ಯೆಯನ್ನು ಬರೆಯಿರಿ. ಆ ಬಳಿಕ ಫೈಲ್‌ನ ತಲೆಯಲ್ಲಿ, ಇಂಥ ದಿನಾಂಕದಿಂದ ಇಶ್ಯೂಗಳು ಇಂಥಲ್ಲಿವೆ, ಇಲ್ಲಿ ಹೊಸದನ್ನು ಬರೆಯಬಾರದು ಎಂದು ಒಂದು ಸಾಲು ಸೇರಿಸಿ, ಫೈಲನ್ನು ರೆಪೊಸಿಟರಿಯಲ್ಲೇ ಬಿಡಿ. ಹಳೆಯ ಕಮಿಟ್ ಸಂದೇಶಗಳಲ್ಲಿ 241118-ಮ-1 ಎಂಬ ಗುರುತು ಕಂಡವರಿಗೆ ಅದರ ವಿವರ ಸಿಗುವುದು ಅಲ್ಲೇ.